ಪರರ ಅಳತೆಯಲ್ಲಿ ಒಂದು ಚಿತ್ರ: ವೆಬ್‌ಕಾಮಿಕ್ ಬ್ಯಾನರಿನ ಇತಿಹಾಸ

ವೆಬ್‌ಕಾಮಿಕ್‌ನ ಬ್ಯಾನರ್‌ಗಳಲ್ಲಿ ಎರಡು ಬಗೆ. ಕಾಮಿಕ್‌ನ ಸ್ವಂತ ತಾಣದಲ್ಲಿ, ಪುಟದ ನೆತ್ತಿಯ ಮೇಲೆ ಕೂರುವ ಶೀರ್ಷಿಕೆ ಬ್ಯಾನರ್ ಒಂದು. ಹೆಸರು, ಒಂದೆರಡು ಪಾತ್ರಗಳು, ಕೆಲವೊಮ್ಮೆ ಒಂದು ಸಾಲಿನ ಅಡಿಬರಹ ಅದರಲ್ಲಿರುತ್ತವೆ. ಬೇರೆಯವರ ತಾಣದಲ್ಲಿ ಜಾಗ ಹಿಡಿದು ಅಲ್ಲಿನ ಓದುಗರನ್ನು ತನ್ನತ್ತ ಕರೆಯುವ ಜಾಹೀರಾತು ಬ್ಯಾನರ್ ಇನ್ನೊಂದು. ಎರಡನ್ನೂ ರಚಿಸುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ: ಕಥೆ ಹೆಣೆದು, ಚಿತ್ರ ಬಿಡಿಸಿ, ತಾಣವನ್ನೂ ತಾವೇ ನಡೆಸುತ್ತಿದ್ದ ಕಲಾವಿದರು. 1990ರ ದಶಕದ ನಡುವಿನಿಂದ ಸುಮಾರು 20 ವರ್ಷ ಹೊಸ ಓದುಗರನ್ನು ಅವರ ಬಳಿಗೆ ತಂದ ಮುಖ್ಯ ದಾರಿಗಳಲ್ಲಿ ಈ ಪಟ್ಟಿಗಳೂ ಸೇರಿದ್ದವು. ಆದರೆ ಪಟ್ಟಿಯ ಅಗಲ ಎಷ್ಟು, ಎತ್ತರ ಎಷ್ಟು, ಕಡತದ ಗಾತ್ರ ಎಷ್ಟಿರಬೇಕು ಎಂಬುದನ್ನು ಕಲಾವಿದರೇ ನಿರ್ಧರಿಸಿದ್ದು ಅಪರೂಪ. ಜಾಹೀರಾತು ಉದ್ಯಮ, ಮಾನಿಟರ್, ಬ್ರೌಸರ್, ಕೊನೆಗೆ ಮೊಬೈಲ್ ಆ್ಯಪ್‌ಗಳು ಗೆರೆ ಎಳೆದವು. ಕಥೆಯನ್ನು ಆ ಗೆರೆಯೊಳಗೆ ಹಿಡಿಸುವ ಕೆಲಸ ಮಾತ್ರ ಕಲಾವಿದರ ಪಾಲಿಗೆ ಬಂತು.

ಈ ಪಾಡು ವೆಬ್‌ನೊಂದಿಗೆ ಹುಟ್ಟಿದ್ದಲ್ಲ. ಅಮೆರಿಕದ ಪತ್ರಿಕೆಗಳ ಭಾನುವಾರದ ಕಾಮಿಕ್ ಪುಟಗಳು 1890ರ ದಶಕದಲ್ಲಿ ಬೇರೂರಿದವು. ರಿಚರ್ಡ್ ಔಟ್‌ಕಾಲ್ಟ್ ಅವರ ‘ಹೋಗನ್ಸ್ ಆ್ಯಲಿ’ 1895ರಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ನಲ್ಲಿ ಕಾಣಿಸಿಕೊಂಡಿತು. 1905ರ ಅಕ್ಟೋಬರ್ 15ರಂದು ‘ನ್ಯೂಯಾರ್ಕ್ ಹೆರಾಲ್ಡ್’ನಲ್ಲಿ ಶುರುವಾದ ವಿನ್ಸರ್ ಮೆಕೇ ಅವರ ‘ಲಿಟಲ್ ನೀಮೋ’ಗೆ ಇಡೀ ಪುಟವೇ ಸಿಕ್ಕಿತ್ತು, ಶೀರ್ಷಿಕೆಗೂ ಧಾರಾಳ ಜಾಗವಿತ್ತು. ಕಾಲ ಸರಿದಂತೆ ಪುಟ ಕುಗ್ಗಿತು. ಒಂದೇ ಸ್ಟ್ರಿಪ್ಪನ್ನು ಬೇರೆ ಬೇರೆ ಪತ್ರಿಕೆಗಳು ತಮಗೆ ಬೇಕಾದ ಆಕಾರದಲ್ಲಿ ಅಚ್ಚುಹಾಕಲು ಅನುಕೂಲವಾಗಲೆಂದು ಮೂರು ಸಾಲಿನ ವಿನ್ಯಾಸ ಬಳಕೆಗೆ ಬಂತು. ಮೇಲಿನ ಸಾಲಿನಲ್ಲಿ ಶೀರ್ಷಿಕೆಯ ಚೌಕವೂ ಒಂದು ಪುಟ್ಟ ನಗೆಹನಿಯೂ ಇರಬೇಕು. ಜಾಗ ಸಾಲದ ಪತ್ರಿಕೆ ಆ ಸಾಲನ್ನು ಕತ್ತರಿಸಿ ತೆಗೆದರೂ ಕಥೆಗೆ ಧಕ್ಕೆ ಬರಬಾರದು. ಹೀಗಾಗಿ ಕಾಮಿಕ್‌ನ ಹೆಸರನ್ನು ಹೊತ್ತ, ಎಲ್ಲಕ್ಕಿಂತ ಅಂದವಾಗಿರಬೇಕಾದ ಚೌಕವೇ ಎಲ್ಲಕ್ಕಿಂತ ಮೊದಲು ಕತ್ತರಿಗೆ ಸಿಗುತ್ತಿತ್ತು. ‘ಕ್ಯಾಲ್ವಿನ್ ಅಂಡ್ ಹಾಬ್ಸ್’ನ ಬಿಲ್ ವಾಟರ್ಸನ್ ಇದಕ್ಕೆ ಒಗ್ಗಲಿಲ್ಲ. 1992ರ ಫೆಬ್ರುವರಿಯಲ್ಲಿ ದೀರ್ಘ ರಜೆ ಮುಗಿಸಿ ಮರಳಿದಾಗ ಅವರ ಭಾನುವಾರದ ಸ್ಟ್ರಿಪ್ ಕತ್ತರಿಸಲಾಗದ ಅರ್ಧಪುಟವಾಗಿಯೇ ಮಾರಾಟಕ್ಕೆ ಬಂತು. ಅಷ್ಟು ಬಲವಿದ್ದ ಕಲಾವಿದರು ಬೆರಳೆಣಿಕೆಯ ಮಂದಿ.

ಕಾಮಿಕ್ ಪುಸ್ತಕಗಳಲ್ಲಿ ಅಳತೆಯನ್ನು ಗೊತ್ತುಮಾಡಿದ್ದು ಪತ್ರಿಕೆ ಅಂಗಡಿಯ ಕಪಾಟು. ಒಂದರ ಹಿಂದೆ ಒಂದನ್ನು ಒತ್ತಿ ಜೋಡಿಸಿದಾಗ ಕಾಣುವುದು ಮುಖಪುಟದ ಮೇಲ್ಭಾಗ ಮಾತ್ರ. ಆದ್ದರಿಂದ ಹೆಸರು ಅಲ್ಲಿಯೇ, ದೂರದಿಂದ ಗುರುತು ಸಿಗುವಷ್ಟು ದಪ್ಪಗೆ ಇರಬೇಕಾಯಿತು. 1938ರಲ್ಲಿ ಬಂದ ಸೂಪರ್‌ಮ್ಯಾನ್‌ನ ಹೆಸರಿನ ಅಕ್ಷರಗಳನ್ನು ಎರಡು ವರ್ಷದ ಬಳಿಕ ಐರಾ ಶ್ನಾಪ್ ಎಂಬ ಅಕ್ಷರ ಕಲಾವಿದರು ತಿದ್ದಿ, ಕಮಾನಿನಂತೆ ಬಾಗಿದ ಆಳವುಳ್ಳ ರೂಪಕ್ಕೆ ತಂದರು. ದಶಕಗಳ ಕಾಲ ಅದೇ ಉಳಿಯಿತು. ಇದಕ್ಕೆ ತೀರಾ ವಿರುದ್ಧ ದಾರಿ ಹಿಡಿದವರು ವಿಲ್ ಐಸ್ನರ್. 1940ರ ಜೂನ್ 2ರಂದು ಆರಂಭವಾದ ಅವರ ‘ದಿ ಸ್ಪಿರಿಟ್’ ಪತ್ರಿಕೆಗಳೊಂದಿಗೆ ಬರುತ್ತಿದ್ದ 16 ಪುಟಗಳ ಪುರವಣಿ. ಪತ್ರಿಕೆಯ ಜೊತೆಯಲ್ಲೇ ಬರುವುದರಿಂದ ಕಪಾಟಿನಲ್ಲಿ ಪೈಪೋಟಿ ನಡೆಸುವ ಅಗತ್ಯ ಅದಕ್ಕಿರಲಿಲ್ಲ. ಮೊದಲ ಪುಟದಲ್ಲಿ ಹೆಸರಿನ ಅಕ್ಷರಗಳು ಒಂದು ವಾರ ಕಟ್ಟಡಗಳಾಗಿ, ಇನ್ನೊಂದು ವಾರ ಗಾಳಿಗೆ ಹಾರುವ ಕಾಗದದ ಚೂರುಗಳಾಗಿ ಬರಬಹುದಿತ್ತು. ಒಂದೇ ಗುರುತಿಗೆ ಅಂಟಿಕೊಳ್ಳಬೇಕೇ, ಪ್ರತಿಸಲವೂ ಹೊಸದನ್ನು ಮಾಡಬೇಕೇ ಎಂಬ ಈ ಎರಡು ಮಾದರಿಗಳ ಎಳೆದಾಟ ಮುಂದೆ ವೆಬ್‌ಕಾಮಿಕ್‌ಗೂ ಹಾಗೆಯೇ ಬಂತು.

ಪುಟದೊಳಗೇ ಚಿತ್ರ ತೋರಿಸಬಲ್ಲ ಮೊಸಾಯಿಕ್ ಬ್ರೌಸರ್ ಜನರ ಕೈಗೆ ಬಂದದ್ದು 1993ರಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಡೇವಿಡ್ ಫಾರ್ಲಿ ಅವರ ‘ಡಾಕ್ಟರ್ ಫನ್’ ವೆಬ್‌ನಲ್ಲಿ ಶುರುವಾಯಿತು. 1995ರಲ್ಲಿ ಚಾರ್ಲಿ ಪಾರ್ಕರ್ ಅವರ ‘ಆರ್ಗಾನ್ ಝಾರ್ಕ್’ ಮತ್ತು ಬಿಲ್ ಹಾಲ್‌ಬ್ರೂಕ್ ಅವರ ‘ಕೆವಿನ್ ಅಂಡ್ ಕೆಲ್’, 1997ರಲ್ಲಿ ಪೀಟ್ ಏಬ್ರಮ್ಸ್ ಅವರ ‘ಸ್ಲಗ್ಗಿ ಫ್ರೀಲಾನ್ಸ್’, 1998ರಲ್ಲಿ ‘ಪೆನ್ನಿ ಆರ್ಕೇಡ್’ ಬಂದವು. ಇವರಿಗೆ ಸಂಪಾದಕರ ಕಾಟವಿರಲಿಲ್ಲ, ಪತ್ರಿಕೆಯ ಆಸರೆಯೂ ಇರಲಿಲ್ಲ. ಪತ್ರಿಕೆಯ ಸ್ಟ್ರಿಪ್ ಸುದ್ದಿಯ ಜೊತೆಗೆ ಮನೆಬಾಗಿಲಿಗೆ ತಾನಾಗಿ ಬರುತ್ತದೆ, ಓದುಗ ಅದನ್ನು ಹುಡುಕಿ ಹೋಗಬೇಕಾಗಿಲ್ಲ. ವೆಬ್‌ಕಾಮಿಕ್ ಒಂದಿದೆ ಎಂಬುದನ್ನೇ ಮೊದಲು ಯಾರಾದರೂ ಹೇಳಬೇಕಿತ್ತು. ಹಾಗೆ ಹೇಳುವ ಕೆಲಸಕ್ಕೆ ಒದಗಿದ್ದು ಜಾಹೀರಾತು ಉದ್ಯಮ ಆಗತಾನೆ ಕಂಡುಕೊಂಡಿದ್ದ ಬ್ಯಾನರ್.

1994ರ ಅಕ್ಟೋಬರ್ 27ರಂದು ‘ಹಾಟ್‌ವೈರ್ಡ್’ ತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತು ಪ್ರಕಟವಾಯಿತು. ವೆಬ್ ಬ್ಯಾನರಿನ ಇತಿಹಾಸವನ್ನು ಸಾಮಾನ್ಯವಾಗಿ ಆ ದಿನದಿಂದ ಎಣಿಸುತ್ತಾರೆ. ಮುಂದಿನ ಎರಡು ವರ್ಷಗಳಲ್ಲಿ ಒಂದೊಂದು ತಾಣ ಒಂದೊಂದು ಅಳತೆ ಕೇಳತೊಡಗಿ ಜಾಹೀರಾತು ಸಂಸ್ಥೆಗಳಿಗೆ ತಲೆನೋವಾಯಿತು. 1996ರ ಡಿಸೆಂಬರ್‌ನಲ್ಲಿ ಇಂಟರ್ನೆಟ್ ಅಡ್ವರ್ಟೈಸಿಂಗ್ ಬ್ಯೂರೋ ಮತ್ತು ಇನ್ನೊಂದು ಉದ್ಯಮ ಒಕ್ಕೂಟ ಸೇರಿ ಎಂಟು ಅಳತೆಗಳನ್ನು ಶಿಫಾರಸು ಮಾಡಿದವು. ಎಲ್ಲಕ್ಕಿಂತ ಅಗಲವಾದದ್ದು 468×60 ಪಿಕ್ಸೆಲ್‌ನ ಪೂರ್ಣ ಬ್ಯಾನರ್, ಚಿಕ್ಕದು 88×31ರ ಗುಂಡಿ. ಆಗಿನ ಬಹುಪಾಲು ಪರದೆಗಳ ಅಗಲ 640 ಇಲ್ಲವೇ 800 ಪಿಕ್ಸೆಲ್. 468 ಅಗಲ ಅದರೊಳಗೆ ಆರಾಮವಾಗಿ ಕೂರುತ್ತಿತ್ತು, 60 ಎತ್ತರ ಪುಟದ ವಿಷಯವನ್ನು ಹೆಚ್ಚು ಕೆಳಕ್ಕೆ ತಳ್ಳುತ್ತಿರಲಿಲ್ಲ. ಕಂಪನಿಯ ಹೆಸರು, ಒಂದು ಘೋಷಣೆ, ಒಂದು ಗುಂಡಿಯನ್ನು ಅಡ್ಡಸಾಲಿನಲ್ಲಿ ಜೋಡಿಸುವವರಿಗೆ ಇದು ಒಳ್ಳೆಯ ಅಳತೆ. ಚಿತ್ರ ಬರೆಯುವವರನ್ನು ಯಾರೂ ಕೇಳಿರಲಿಲ್ಲ.

ಅದೇ ವರ್ಷ ಆರಂಭವಾದ ‘ಲಿಂಕ್‌ಎಕ್ಸ್‌ಚೇಂಜ್’ ಈ ಪಟ್ಟಿಯನ್ನು ಬಡ ಕಲಾವಿದರ ಕೈಗೆ ತಂದಿತು. ತಮ್ಮ ತಾಣದಲ್ಲಿ ಇತರರ ಬ್ಯಾನರನ್ನು ಎರಡು ಸಲ ತೋರಿಸಿದವರ ಬ್ಯಾನರ್ ಬೇರೆಲ್ಲೋ ಒಂದು ಸಲ ಕಾಣುತ್ತಿತ್ತು. ಉಳಿದ ಜಾಗವನ್ನು ಕಂಪನಿ ಮಾರಿಕೊಳ್ಳುತ್ತಿತ್ತು. ಕಾಸಿಲ್ಲದೆ ಪ್ರಚಾರ ಸಿಕ್ಕಿತು, ಆದರೆ ಬ್ಯಾನರ್ ಎಲ್ಲಿ ಬೀಳುತ್ತದೆಂಬುದು ಅದೃಷ್ಟಕ್ಕೆ ಬಿಟ್ಟದ್ದು. ಗೇಮ್‌ಗಳ ಬಗ್ಗೆ ನಗೆಯಾಡುವ ಕಾಮಿಕ್‌ನ ಜಾಹೀರಾತು ತೋಟಗಾರಿಕೆಯ ತಾಣದಲ್ಲಿ ಕಾಣಿಸಿಕೊಳ್ಳಬಹುದಿತ್ತು. 1998ರಲ್ಲಿ ಮೈಕ್ರೋಸಾಫ್ಟ್ ಇದನ್ನು 26.5 ಕೋಟಿ ಡಾಲರಿಗೆ ಕೊಂಡಿತು.

468×60 ಅಂದರೆ ಎತ್ತರಕ್ಕಿಂತ ಅಗಲ 7.8 ಪಟ್ಟು ಹೆಚ್ಚು. ಕಾಮಿಕ್ ಕಲಾವಿದರ ಕೈ ಪಳಗಿರುವುದು ಹೆಚ್ಚುಕಡಿಮೆ ಚೌಕಾಕಾರದ ಪ್ಯಾನೆಲ್‌ಗಳಲ್ಲಿ. ನಾಲ್ಕು ಪ್ಯಾನೆಲ್‌ಗಳ ಸ್ಟ್ರಿಪ್ ಕೂಡ ಅಗಲದಲ್ಲಿ ಎತ್ತರದ ಮೂರು ಪಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. 600×200 ಪಿಕ್ಸೆಲ್‌ನ ಒಂದು ಸ್ಟ್ರಿಪ್ಪನ್ನು ಹಾಗೆಯೇ ಕುಗ್ಗಿಸಿ 60 ಎತ್ತರಕ್ಕೆ ತಂದರೆ ಅದರ ಅಗಲ 180ಕ್ಕೆ ಇಳಿದು, ಬಲೂನಿನೊಳಗಿನ 10 ಪಿಕ್ಸೆಲ್ ಅಕ್ಷರ 3 ಪಿಕ್ಸೆಲ್ ಆಗುತ್ತದೆ. ಅದನ್ನು ಯಾರೂ ಓದಲಾರರು. ಅದರಂತೆ ಒಂದು ಪಾತ್ರವನ್ನು ತಲೆಯಿಂದ ಕಾಲಿನವರೆಗೆ 60 ಪಿಕ್ಸೆಲ್‌ನಲ್ಲಿ ನಿಲ್ಲಿಸಿದರೆ ಮುಖಕ್ಕೆ ಉಳಿಯುವುದು 8 ಅಥವಾ 9 ಪಿಕ್ಸೆಲ್. ಎರಡು ಚುಕ್ಕೆ ಕಣ್ಣು, ಒಂದು ಗೆರೆ ಬಾಯಿ ಬಿಟ್ಟರೆ ಅಲ್ಲಿ ಏನೂ ಹಿಡಿಯದು. ಹೀಗಾಗಿ ಈಗಾಗಲೇ ಬರೆದ ಚಿತ್ರದಿಂದ ಒಂದು ತುಂಡು ಕತ್ತರಿಸಿ ಬ್ಯಾನರ್ ಮಾಡುವ ಸುಲಭದ ದಾರಿ ಬಹಳ ಸಲ ಕೈಕೊಟ್ಟಿತು. ಬ್ಯಾನರಿಗೆಂದೇ ಹೊಸದಾಗಿ ಬರೆಯಬೇಕಿತ್ತು, ಅದೂ ಕೊನೆಗೆ ಕಾಣುವ ಅಳತೆಯನ್ನೇ ಕಣ್ಣ ಮುಂದಿಟ್ಟುಕೊಂಡು.

ಇದರಿಂದ ಕೆಲವು ರೂಢಿಗಳು ಬೆಳೆದವು. ಪಾತ್ರವನ್ನು ಭುಜದಿಂದ ಮೇಲಕ್ಕೆ ಮಾತ್ರ ತೋರಿಸುವುದು ಒಂದು. ಕಣ್ಣುಗಳ ಜೋಡಿಯೊಂದೇ ಪಟ್ಟಿಯ ಉದ್ದಕ್ಕೂ ಹರಡುವಂತೆ ಮುಖವನ್ನು ಹಣೆಯ ಕೆಳಗೆ, ಮೂಗಿನ ಮೇಲೆ ಕತ್ತರಿಸುವುದು ಇನ್ನೊಂದು. ಮಲಗಿದ, ಹಾರುವ, ಓಡುವ, ಬಾಲ ಚಾಚಿದ ದೇಹಗಳು ಪಟ್ಟಿಗೆ ಚೆನ್ನಾಗಿ ಒಗ್ಗುತ್ತವೆ. ನಿಂತವರಿಗಿಂತ ಡ್ರ್ಯಾಗನ್‌ಗಳಿಗೆ ಈ ಅಳತೆಯಲ್ಲಿ ಅನುಕೂಲ ಜಾಸ್ತಿ. ಸಾಮಾನ್ಯವಾಗಿ ಎಡಕ್ಕೆ ಮುಖ, ಬಲಕ್ಕೆ ಹೆಸರು, ನಡುವೆ ಒಂದು ಸಾಲು ಮಾತು ಎಂಬ ಕ್ರಮ ನೆಲೆಯೂರಿತು. ಇಂಗ್ಲಿಷ್ ಓದುಗರ ಕಣ್ಣು ಎಡದಿಂದ ಶುರುವಾಗುವುದರಿಂದ ಮೊದಲು ಭಾವ ತಾಗಲಿ, ಹೆಸರು ಆಮೇಲೆ ಬರಲಿ ಎಂಬುದು ಇದರ ತರ್ಕ. ಪಟ್ಟಿಯ ಅಂಚಿಗೆ ಒಂದು ಪಿಕ್ಸೆಲ್‌ನ ಗೆರೆ ಎಳೆಯುವುದೂ ಬೇಗನೆ ಅಭ್ಯಾಸವಾಯಿತು, ಯಾಕೆಂದರೆ ಬ್ಯಾನರ್ ಹೋಗಿ ಕೂರುವ ಪುಟದ ಬಣ್ಣ ಕಪ್ಪೋ ಬಿಳುಪೋ ಎಂಬುದು ಮೊದಲೇ ತಿಳಿಯುತ್ತಿರಲಿಲ್ಲ. ಬಿಳಿ ಹಿನ್ನೆಲೆಯ ಬ್ಯಾನರ್ ಬಿಳಿ ಪುಟದಲ್ಲಿ ಅಂಚಿಲ್ಲದೆ ಕರಗಿಹೋಗುತ್ತಿತ್ತು.

ಚಿತ್ರದಲ್ಲಿ ಏನನ್ನು ತೋರಿಸಬೇಕೆಂಬುದು ಅಳತೆಗಿಂತ ಕಠಿಣವಾದ ಪ್ರಶ್ನೆ. ಕಾಮಿಕ್‌ನ ಸ್ವಾರಸ್ಯ ಹೊಮ್ಮುವುದು ಚಿತ್ರಗಳ ಸರಣಿಯಲ್ಲಿ: ಒಂದು ಪ್ಯಾನೆಲ್‌ನಲ್ಲಿ ಸಿದ್ಧತೆ, ಮುಂದಿನದರಲ್ಲಿ ತಿರುವು. ಬ್ಯಾನರ್ ಒಂದೇ ಚಿತ್ರ. ಪಾತ್ರಗಳ ಪರಿಚಯವಿಲ್ಲದ ಅಪರಿಚಿತನಿಗೆ ಒಳಗಿನ ಹಾಸ್ಯ ಅರ್ಥವಾಗದು. ನಿಯಮಿತ ಓದುಗರು ಮೆಚ್ಚಿ ನಗುವ ಮಾತನ್ನೇ ಬ್ಯಾನರಿನಲ್ಲಿ ಬರೆದರೆ ಹೊರಗಿನವರಿಗೆ ಅದು ಬರಿಯ ಒಗಟು. ಹಾಗೆಂದು ಹೆಸರು ಮಾತ್ರ ಬರೆದರೆ ಕ್ಲಿಕ್ ಮಾಡಲು ಕಾರಣವೇ ಇಲ್ಲ. ಕಥೆಯ ಜಾತಿ ಯಾವುದು, ಅಂದರೆ ಫ್ಯಾಂಟಸಿಯೋ, ಕಾಲೇಜು ಹುಡುಗರ ಹರಟೆಯೋ, ಗೇಮ್ ಲೋಕದ ಗೇಲಿಯೋ ಎಂಬುದನ್ನು ಒಂದು ನೋಟದಲ್ಲಿ ತಿಳಿಸಿ, ಮುಂದೇನು ಎಂಬ ಕುತೂಹಲವನ್ನೂ ಉಳಿಸಬೇಕು. ಇಲ್ಲಿ ಮೋಸದ ದಾರಿಗಳೂ ಇದ್ದವು. 1990ರ ದಶಕದ ಕೊನೆಯಲ್ಲಿ ಕಂಪ್ಯೂಟರಿನ ಎಚ್ಚರಿಕೆಯ ಕಿಟಕಿಯನ್ನು ಅಣಕಿಸುವ ಜಾಹೀರಾತುಗಳು ಎಲ್ಲೆಡೆ ಹರಡಿದ್ದವು. ಕಥೆಯಲ್ಲಿ ಎಲ್ಲೂ ಬರದ ಅರೆಬೆತ್ತಲೆ ಹೆಣ್ಣನ್ನು ಬ್ಯಾನರಿನಲ್ಲಿ ಕೂರಿಸಿದವರೂ ಉಂಟು. ಕ್ಲಿಕ್ಕುಗಳು ಬರುತ್ತಿದ್ದವು, ಓದುಗರು ಉಳಿಯುತ್ತಿರಲಿಲ್ಲ. ಧಾರಾವಾಹಿ ಕಾಮಿಕ್‌ಗೆ ನಾಳೆಯೂ ಮರಳಿ ಬರುವವರು ಬೇಕೇ ಹೊರತು ಇಂದು ಇಣುಕಿ ಹೋಗುವವರಲ್ಲ.

ತಾಂತ್ರಿಕ ಕಟ್ಟುಗಳು ಇದರ ಮೇಲೆ ಹೇರಿದ ಇನ್ನೊಂದು ಹೊರೆ. 28.8 ಕಿಲೋಬಿಟ್ ಮೋಡೆಮ್ ತನ್ನ ಪೂರ್ಣ ವೇಗದಲ್ಲಿ ಓಡಿದರೂ ಸೆಕೆಂಡಿಗೆ ತರುತ್ತಿದ್ದದ್ದು 3.6 ಕಿಲೋಬೈಟ್. 12 ಕಿಲೋಬೈಟ್‌ನ ಬ್ಯಾನರಿಗೆ ಮೂರು ಸೆಕೆಂಡಿಗಿಂತ ಹೆಚ್ಚು, 60 ಕಿಲೋಬೈಟ್‌ನ ಸ್ಟ್ರಿಪ್ಪಿಗೆ ಸುಮಾರು 17 ಸೆಕೆಂಡು ಬೇಕು. ಬ್ಯಾನರ್ ಭಾರವಾದಷ್ಟೂ ಕಾಮಿಕ್ ತಡವಾಗುತ್ತಿತ್ತು. ಕಾಂಪ್ಯುಸರ್ವ್ ಕಂಪನಿ 1987ರಲ್ಲಿ ತಂದ ಜಿಫ್ ಚಿತ್ರಗಳಲ್ಲಿ ಹೆಚ್ಚೆಂದರೆ 256 ಬಣ್ಣಗಳು. ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಕಾಣಬೇಕೆಂದರೆ 216 ಬಣ್ಣಗಳ ಪಟ್ಟಿಯೊಳಗೇ ಉಳಿಯಬೇಕಿತ್ತು. ಜಲವರ್ಣದ ನಯವಾದ ಛಾಯೆಗಳು ಇದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತಿದ್ದವು, ಜೆಪೆಗ್‌ನಲ್ಲಿ ಉಳಿಸಿದರೆ ಅಕ್ಷರಗಳ ಸುತ್ತ ಕೊಳೆ ಮೆತ್ತಿದಂತೆ ಕಾಣುತ್ತಿತ್ತು. ದಪ್ಪ ಕಪ್ಪು ಗೆರೆ, ಚಪ್ಪಟೆ ಬಣ್ಣದ ಶೈಲಿ ಆ ಕಾಲದ ವೆಬ್‌ಕಾಮಿಕ್‌ಗಳಲ್ಲಿ ಅಷ್ಟೊಂದು ಕಾಣುವುದಕ್ಕೆ ಕಲಾವಿದರ ಅಭಿರುಚಿಯಷ್ಟೇ ಜಿಫ್‌ನ ಸ್ವಭಾವವೂ ಕಾರಣ.

1996ರ ವೇಳೆಗೆ ನೆಟ್‌ಸ್ಕೇಪ್ ಬ್ರೌಸರ್ ಚಲಿಸುವ ಜಿಫ್‌ಗಳನ್ನು ಮತ್ತೆ ಮತ್ತೆ ಓಡಿಸತೊಡಗಿದಾಗ ಬ್ಯಾನರಿಗೂ ಸರಣಿಯ ಸೌಲಭ್ಯ ಸಿಕ್ಕಿತು. ಮೂರು ಚೌಕಟ್ಟುಗಳಲ್ಲಿ ಮಾತು, ಮೌನ, ಮರುಮಾತು ತೋರಿಸಬಹುದಾಯಿತು. ಕಾಮಿಕ್ ಬರೆಯುವವರಿಗೆ ಇದು ಕೈಗೊಗ್ಗಿದ ಲಯ. ಆದರೆ ಓದುಗ ಯಾವ ಕ್ಷಣದಲ್ಲಿ ನೋಡುತ್ತಾನೆಂದು ಹೇಳಲಾಗದು. ನಗೆಯ ಕೊನೆಯನ್ನು ಮೊದಲು ಕಂಡವನಿಗೆ ನಗೆ ಸತ್ತಿರುತ್ತದೆ. ಚೌಕಟ್ಟು ಹೆಚ್ಚಿದಷ್ಟೂ ಕಡತ ದೊಡ್ಡದಾಗುತ್ತದೆ. ಪಕ್ಕದಲ್ಲಿ ಕಾಮಿಕ್ ಓದುತ್ತಿರುವವನ ಕಣ್ಣಿಗೆ ಮಿನುಗುವ ಪಟ್ಟಿ ಕಿರಿಕಿರಿ ಮಾಡುತ್ತದೆಂದು ಕೆಲವು ತಾಣಗಳವರು ಚಲಿಸುವ ಬ್ಯಾನರನ್ನೇ ನಿರಾಕರಿಸುತ್ತಿದ್ದರು.

ಶೀರ್ಷಿಕೆ ಬ್ಯಾನರಿನ ತೊಡಕು ಬೇರೆ ಥರದ್ದು. ತಾಣ ಕಲಾವಿದರದೇ ಆದ್ದರಿಂದ ಅಳತೆಯೂ ಅವರದೇ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ 800×600ರ ಪರದೆಯಲ್ಲಿ ಬ್ರೌಸರಿನ ಪಟ್ಟಿಗಳು, ಕೆಳಗಿನ ಕಾರ್ಯಪಟ್ಟಿ ಎಲ್ಲ ಕಳೆದು ಪುಟಕ್ಕೆ ಉಳಿಯುತ್ತಿದ್ದದ್ದು 430 ಪಿಕ್ಸೆಲ್ ಎತ್ತರದ ಸುತ್ತಮುತ್ತ. 200 ಎತ್ತರದ ಚೆಂದದ ಶೀರ್ಷಿಕೆ ಬರೆದರೆ ಅರ್ಧ ಪರದೆ ಅದಕ್ಕೇ ಹೋಯಿತು. ದಿನವೂ ಬರುವ ಓದುಗನಿಗೆ ಹೆಸರು ಗೊತ್ತೇ ಇದೆ, ಅವನಿಗೆ ಬೇಕಾದದ್ದು ಇವತ್ತಿನ ಕಂತು. ಮೊದಲ ಸಲ ಬಂದವನಿಗೆ ಮಾತ್ರ ಶೀರ್ಷಿಕೆ ಬೇಕು. 2000ದ ಮಾರ್ಚ್‌ನಲ್ಲಿ ಹುಟ್ಟಿದ ಕೀನ್‌ಸ್ಪಾಟ್ ಹಲವು ಕಾಮಿಕ್‌ಗಳನ್ನು ಒಂದೇ ಸೂರಿನಡಿ ತಂದಿತು. ಅದೇ ವರ್ಷ ಅದರ ಉಚಿತ ಆವೃತ್ತಿ ಕೀನ್‌ಸ್ಪೇಸ್ ಶುರುವಾಯಿತು. ಅಲ್ಲಿ ಜಾಗ ಉಚಿತ, ಆದರೆ ಪುಟದಲ್ಲಿ ಜಾಹೀರಾತು ಕಡ್ಡಾಯ. ಜಾಹೀರಾತು ಮೇಲೆ, ಶೀರ್ಷಿಕೆ ಅದರ ಕೆಳಗೆ, ಕಾಮಿಕ್ ಅದರ ಕೆಳಗೆ ಎಂಬ ಮೂರಂತಸ್ತಿನ ಪುಟ ಆ ಕಾಲದ ಸಾಮಾನ್ಯ ದೃಶ್ಯ. ಕಾಮಿಕ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ ತಮ್ಮ ‘ರೀಇನ್ವೆಂಟಿಂಗ್ ಕಾಮಿಕ್ಸ್’ ಪುಸ್ತಕದಲ್ಲಿ, ಪರದೆ ಒಂದು ಕಿಟಕಿ ಮಾತ್ರ, ಅದರ ಹಿಂದೆ ಕಾಮಿಕ್ ಎತ್ತ ಬೇಕಾದರೂ ಕೊನೆಯಿಲ್ಲದೆ ಹರಡಬಹುದು ಎಂಬ ವಿಚಾರ ಮುಂದಿಟ್ಟದ್ದೂ ಅದೇ 2000ದಲ್ಲಿ. ಸಿದ್ಧಾಂತ ಆಕಾಶವನ್ನು ತೋರಿಸುತ್ತಿದ್ದಾಗ ದಿನದ ಕೆಲಸ ಒಂದೊಂದು ಪಿಕ್ಸೆಲ್‌ಗೂ ಜಗಳವಾಡುತ್ತಿತ್ತು.

ದೊಡ್ಡದಾಗಿ ಬರೆದರೆ ಕಣ್ಣಿಗೆ ಬೀಳುತ್ತದೆಂಬ ನಂಬಿಕೆಗೂ ಪೆಟ್ಟು ಬಿತ್ತು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜ್ಯಾನ್ ಬೆನ್ವೇ ಮತ್ತು ಡೇವಿಡ್ ಲೇನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪುಟದಲ್ಲಿ ಏನನ್ನಾದರೂ ಹುಡುಕುತ್ತಿರುವವರು ಮೇಲ್ಭಾಗದ ದೊಡ್ಡ, ಬಣ್ಣದ, ಪ್ರತ್ಯೇಕವಾಗಿ ನಿಂತ ಪಟ್ಟಿಯನ್ನು ಗಮನಿಸದೇ ಹೋಗುವುದೇ ಹೆಚ್ಚು. ಅವರು ಹುಡುಕುತ್ತಿದ್ದ ಕೊಂಡಿ ಅದೇ ಪಟ್ಟಿಯಲ್ಲಿದ್ದರೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ. ಇದನ್ನು ಬ್ಯಾನರ್ ಕುರುಡು ಎಂದು ಕರೆದರು. ವೆಬ್‌ಕಾಮಿಕ್ ತಾಣಗಳಿಗೆ ಇದರ ಪರಿಣಾಮ ನೇರ. ‘ಮೊದಲ ಕಂತು’, ‘ಪಾತ್ರ ಪರಿಚಯ’ ಮುಂತಾದ ಕೊಂಡಿಗಳನ್ನು ಶೀರ್ಷಿಕೆಯ ಚಿತ್ರದೊಳಗೆ ಕಲಾತ್ಮಕವಾಗಿ ಹುದುಗಿಸಿದ ತಾಣಗಳಲ್ಲಿ ಹೊಸ ಓದುಗರು ದಾರಿ ತಪ್ಪುತ್ತಿದ್ದರು. ಕೊಂಡಿಗಳು ಕ್ರಮೇಣ ಚಿತ್ರದಿಂದ ಹೊರಬಂದು, ಕಾಮಿಕ್‌ನ ಮೇಲೆ ಕೆಳಗೆ ಸಾದಾ ಗುಂಡಿಗಳಾಗಿ ನೆಲೆನಿಂತವು.

ದೀರ್ಘಕಾಲ ನಡೆಯುವ ಕಥೆಗೆ ಶೀರ್ಷಿಕೆ ಹಳತಾಗುವುದು ಮತ್ತೊಂದು ಫಜೀತಿ. ಐದಾರು ವರ್ಷ ದಿನವೂ ಬರೆದ ಕೈ ಮಾಗುತ್ತದೆ. ಮೊದಲ ವರ್ಷ ಬರೆದ ಬ್ಯಾನರಿನ ಮುಖಗಳಿಗೂ ಇಂದಿನ ಕಂತಿನ ಮುಖಗಳಿಗೂ ಸಂಬಂಧವೇ ಇಲ್ಲದಂತಾಗುತ್ತದೆ. ಪಾತ್ರಗಳು ಸಾಯುತ್ತವೆ, ಹೊಸಬರು ಸೇರುತ್ತಾರೆ. ಎಲ್ಲ ಪಾತ್ರಗಳನ್ನೂ ಸಾಲಾಗಿ ನಿಲ್ಲಿಸಿದ ಶೀರ್ಷಿಕೆ ಕಥೆ ಮುಂದುವರಿದಂತೆ ಕಥೆಯ ಗುಟ್ಟನ್ನೇ ಬಿಟ್ಟುಕೊಡಬಹುದು. ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಐಸ್ನರ್ ಮಾದರಿಯೇ ಮೇಲುಗೈ ಪಡೆಯಿತು: ಹತ್ತಾರು ಶೀರ್ಷಿಕೆಗಳನ್ನು ಬರೆದಿಟ್ಟು, ಪುಟ ತೆರೆದಾಗಲೆಲ್ಲ ಒಂದನ್ನು ಯಾದೃಚ್ಛಿಕವಾಗಿ ತೋರಿಸುವ ಪುಟ್ಟ ಪ್ರೋಗ್ರಾಂ. ಕ್ರಿಸ್‌ಮಸ್‌ಗೆ, ಹ್ಯಾಲೊವೀನ್‌ಗೆ ಬೇರೆ ಶೀರ್ಷಿಕೆ ಹಾಕುವುದೂ ರೂಢಿಯಾಯಿತು. ಇನ್ನೊಂದು ತುದಿಯಲ್ಲಿ, 2005ರಲ್ಲಿ ಆರಂಭವಾದ ‘ಎಕ್ಸ್‌ಕೆಸಿಡಿ’ ಸಾದಾ ಗೆರೆಯ ಪುಟ್ಟ ಹೆಸರು ಮತ್ತು ಒಂದು ಸಾಲಿನ ವಿವರಣೆಗೇ ನಿಂತಿತು. ಕಡ್ಡಿಮನುಷ್ಯರ ಕಾಮಿಕ್‌ಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇರಲಿಲ್ಲ.

ಜಾಹೀರಾತು ಬ್ಯಾನರಿನ ಸುವರ್ಣಕಾಲ ಶುರುವಾದದ್ದು 2006ರಲ್ಲಿ. ‘ಡೈನೋಸಾರ್ ಕಾಮಿಕ್ಸ್’ನ ರಯಾನ್ ನಾರ್ತ್ ಆ ವರ್ಷ ‘ಪ್ರಾಜೆಕ್ಟ್ ವಂಡರ್‌ಫುಲ್’ ಎಂಬ ಜಾಹೀರಾತು ಮಾರುಕಟ್ಟೆ ತೆರೆದರು. ಇಲ್ಲಿ ಕ್ಲಿಕ್ಕಿಗೆ ಹಣವಿರಲಿಲ್ಲ, ಎಷ್ಟು ಮಂದಿ ನೋಡಿದರೆಂಬ ಲೆಕ್ಕಕ್ಕೂ ಹಣವಿರಲಿಲ್ಲ. ಜಾಗ ಸದಾ ಹರಾಜಿನಲ್ಲಿರುತ್ತಿತ್ತು. ಯಾರ ಬೆಲೆ ಎಲ್ಲಕ್ಕಿಂತ ಮೇಲಿತ್ತೋ ಅವರ ಬ್ಯಾನರ್ ಅಲ್ಲಿರುತ್ತಿತ್ತು, ಇದ್ದಷ್ಟು ಹೊತ್ತಿಗೆ ದಿನದ ಲೆಕ್ಕದಲ್ಲಿ ಹಣ ಕಟ್ಟಬೇಕಿತ್ತು. ಬೇರೆ ಯಾರೂ ಕೂಗದಿದ್ದರೆ ಬೆಲೆ ಸೊನ್ನೆ. ಕಾಫಿಯ ದುಡ್ಡಿನಲ್ಲಿ ಕಲಾವಿದರು ತಮಗೆ ಇಷ್ಟವಾದ ಕಾಮಿಕ್‌ನ ಪಕ್ಕದಲ್ಲೇ ತಮ್ಮ ಚಿತ್ರ ಇಡಬಹುದಾಯಿತು. ಲಿಂಕ್‌ಎಕ್ಸ್‌ಚೇಂಜ್‌ನ ಕುರುಡು ಹಂಚಿಕೆಗೆ ಹೋಲಿಸಿದರೆ ಇದು ದೊಡ್ಡ ಬದಲಾವಣೆ. ಬ್ಯಾನರ್ ಯಾವ ಓದುಗರ ಮುಂದೆ ಹೋಗುತ್ತದೆಂಬುದು ಮೊದಲೇ ತಿಳಿದಿರುತ್ತಿತ್ತು, ಅವರಿಗೆ ತಕ್ಕಂತೆ ಬರೆಯಬಹುದಿತ್ತು.

ಜೊತೆಗೆ ಅಳತೆಗಳೂ ಹೆಚ್ಚಿದವು. 468×60 ಇತ್ತು. ಪರದೆಗಳು ಅಗಲವಾದ ಮೇಲೆ ಬಂದ 728×90ರ ‘ಲೀಡರ್‌ಬೋರ್ಡ್’ ಇತ್ತು. ಪಿಕ್ಸೆಲ್ ಲೆಕ್ಕದಲ್ಲಿ ಅದು ಹಳೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು, ಆಕಾರದಲ್ಲಿ ಮಾತ್ರ ಇನ್ನೂ ಚಪ್ಪಟೆ. 160×600ರ ‘ಸ್ಕೈಸ್ಕ್ರೇಪರ್’ ನಿಂತ ಪಾತ್ರಗಳಿಗೆ ಹೇಳಿ ಮಾಡಿಸಿದ್ದು. ತಲೆಯಿಂದ ಕಾಲಿನವರೆಗೆ ಒಬ್ಬಳು ನಾಯಕಿ, ಅವಳ ಕಾಲಬುಡದಲ್ಲಿ ಹೆಸರು. ಅಲ್ಲಿ ಕಾಮಿಕ್ ಕಲಾವಿದರು ಕೊನೆಗೂ ಮನಸಾರೆ ಬರೆದರು. 125×125ರ ಚೌಕಕ್ಕೆ ಒಂದು ಮುಖ ಸಾಕಾಗುತ್ತಿತ್ತು. ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಕಠಿಣವಾದದ್ದು 117×30ರ ಗುಂಡಿ. 3,510 ಪಿಕ್ಸೆಲ್‌ಗಳಲ್ಲಿ ಹೆಸರೂ ಮುಖವೂ ಸೇರಿ ಹಿಡಿಯುವುದು ಕಷ್ಟ, ಎರಡರಲ್ಲಿ ಒಂದನ್ನು ಬಿಡಲೇಬೇಕು. ಒಂದು ಪ್ರಚಾರಕ್ಕೆ ಐದಾರು ಆಕಾರಗಳು ಬೇಕಾದಾಗ, ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಸಾಗಿಸುವುದು ನಡೆಯಲಿಲ್ಲ. ಬಣ್ಣ, ಅಕ್ಷರ, ಒಂದು ಮುಖ್ಯ ಪಾತ್ರ ಇಷ್ಟನ್ನು ಸ್ಥಿರವಾಗಿಟ್ಟುಕೊಂಡು ಪ್ರತಿ ಆಕಾರಕ್ಕೂ ಬೇರೆ ಸಂಯೋಜನೆ ಮಾಡಬೇಕಾಯಿತು. ಯಾವ ಚಿತ್ರಕ್ಕೆ ಎಷ್ಟು ಕ್ಲಿಕ್ ಬಂತೆಂಬ ಅಂಕಿ ಮರುದಿನವೇ ಕಾಣುತ್ತಿದ್ದುದರಿಂದ ಕಲಾವಿದರು ಎರಡು ಮೂರು ಮಾದರಿಗಳನ್ನು ಓಡಿಸಿ ನೋಡುವುದನ್ನು ಕಲಿತರು. ನುಣುಪಾಗಿ ಮುಗಿಸಿದ ಚಿತ್ರಕ್ಕಿಂತ ಒಂದು ಪ್ರಶ್ನೆ ಕೇಳುವ ಒರಟು ಚಿತ್ರ ಗೆದ್ದರೆ ಅಭಿಮಾನವನ್ನು ಬದಿಗಿಟ್ಟು ಅದನ್ನೇ ಉಳಿಸಿಕೊಳ್ಳಬೇಕಿತ್ತು.

ಇಷ್ಟೆಲ್ಲ ಅಳತೆಗಳು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಅಲ್ಲಿ ದೊಡ್ಡಕ್ಷರಗಳಲ್ಲಿ ಬರೆದ ಹೆಸರು ಒಂದೇ ಎತ್ತರದ ಸಾಲು, ಪಟ್ಟಿಯ ಎತ್ತರವನ್ನು ಪೂರಾ ಬಳಸಿಕೊಳ್ಳಬಹುದು. ಕನ್ನಡದ ಹೆಸರಿಗೆ ಮೂರು ಅಂತಸ್ತು ಬೇಕು: ಮೇಲೆ ಗುಡಿಸು, ಎತ್ವ, ನಡುವೆ ಮೂಲಾಕ್ಷರ, ಕೆಳಗೆ ಒತ್ತು. 60 ಪಿಕ್ಸೆಲ್‌ನಲ್ಲಿ ಮೇಲೆ ಕೆಳಗೆ ಆರಾರು ಬಿಟ್ಟರೆ ಉಳಿಯುವ 48ರಲ್ಲಿ ಮೂಲಾಕ್ಷರಕ್ಕೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಆ ಗಾತ್ರದಲ್ಲಿ ಬ-ಭ, ದ-ಧ, ಡ-ಢಗಳನ್ನು ಬೇರ್ಪಡಿಸುವ ಕೆಳಗಿನ ಸೀಳು ಒಂದೆರಡು ಪಿಕ್ಸೆಲ್‌ಗೆ ಇಳಿದು, ದಪ್ಪ ಅಕ್ಷರದಲ್ಲಿ ಮುಚ್ಚಿಯೇ ಹೋಗಬಹುದು. ಸಿನಿಮಾ ಪೋಸ್ಟರು ಮತ್ತು ಅಂಗಡಿ ಬೋರ್ಡು ಬರೆಯುವವರು ಇದಕ್ಕೆ ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದರು: ಒತ್ತನ್ನು ಚಿಕ್ಕದಾಗಿಸಿ ಪಕ್ಕದ ಅಕ್ಷರದ ಬುಡಕ್ಕೆ ತೂರಿಸುವುದು, ತಲೆಕಟ್ಟನ್ನು ಎಳೆದು ಮುಂದಿನ ಅಕ್ಷರಕ್ಕೆ ಸೇರಿಸುವುದು. ಕಂಪ್ಯೂಟರ್ ಫಾಂಟುಗಳಲ್ಲಿ ಈ ಸ್ವಾತಂತ್ರ್ಯ ಇಲ್ಲದ್ದರಿಂದ ಹೆಸರನ್ನು ಕೈಯಲ್ಲೇ ಬರೆಯುವುದು ಇಂದಿಗೂ ಮೇಲು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ಆದರೆ ಸಾಮಾನ್ಯ ಕಂಪ್ಯೂಟರುಗಳಲ್ಲಿ ಕನ್ನಡ ಸರಾಗವಾಗಿ ಮೂಡತೊಡಗಿದ್ದು ತುಂಗಾ ಫಾಂಟಿನೊಂದಿಗೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಬಳಿಕ. ಅದಕ್ಕೂ ಮುಂಚೆ ಓದುಗರ ಯಂತ್ರದಲ್ಲಿ ಫಾಂಟ್ ಇದೆಯೋ ಇಲ್ಲವೋ ಎಂಬ ಭರವಸೆಯಿಲ್ಲದೆ ಕನ್ನಡ ಶೀರ್ಷಿಕೆಗಳನ್ನು ಚಿತ್ರವಾಗಿಯೇ ಹಾಕಬೇಕಾಗುತ್ತಿತ್ತು.

2007ರಲ್ಲಿ ಐಫೋನ್ ಬಂದ ಮೇಲೆ ಪಟ್ಟಿಯ ಬುನಾದಿಯೇ ಅಲುಗಿತು. 320 ಪಿಕ್ಸೆಲ್ ಅಗಲದ ಪರದೆಯಲ್ಲಿ 728 ಅಗಲದ ಬ್ಯಾನರ್ ಅರ್ಧಕ್ಕಿಂತ ಕಡಿಮೆಗೆ ಕುಗ್ಗಿ 40 ಪಿಕ್ಸೆಲ್ ಎತ್ತರದ ಎಳೆಯಾಯಿತು. 2010ರಲ್ಲಿ ವೆಬ್ ವಿನ್ಯಾಸಕಾರ ಈಥನ್ ಮಾರ್ಕಾಟ್ ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ಪುಟವಿನ್ಯಾಸದ ವಿಚಾರ ಮಂಡಿಸಿದರು. ಅದೇ ವರ್ಷ ಒಂದೇ ಜಾಗದಲ್ಲಿ ನಾಲ್ಕು ಪಟ್ಟು ಪಿಕ್ಸೆಲ್ ತುಂಬಿದ ಫೋನ್ ಪರದೆಗಳೂ ಬಂದವು. ಹಳೆಯ ಬ್ಯಾನರ್‌ಗಳು ಅವುಗಳಲ್ಲಿ ಮಸುಕಾಗಿ ಕಂಡವು. ಅಗಲ ಪರದೆಗೆ ಒಂದು, ಫೋನಿಗೆ ಒಂದು ಎಂದು ಎರಡು ಶೀರ್ಷಿಕೆ ಬರೆಯುವುದು, ಇಲ್ಲವೇ ಹೆಸರನ್ನು ಗೆರೆಚಿತ್ರವಾಗಿ ಹಿನ್ನೆಲೆಯಿಂದ ಬಿಡಿಸಿಡುವುದು ಅನಿವಾರ್ಯವಾಯಿತು. ಸಾಮಾಜಿಕ ಜಾಲತಾಣಗಳು ತಮ್ಮ ಅಳತೆಗಳನ್ನು ಹೇರಿದವು: ಫೇಸ್‌ಬುಕ್‌ನ ಮುಖಚಿತ್ರ 851×315, ಟ್ವಿಟರಿನದು 1500×500. ಇವು 60 ಪಿಕ್ಸೆಲ್‌ನ ಪಟ್ಟಿಗಿಂತ ಉದಾರ. ಆದರೆ ಎಡಮೂಲೆಯನ್ನು ಪ್ರೊಫೈಲ್ ಚಿತ್ರ ಮುಚ್ಚುತ್ತದೆ, ಫೋನಿನಲ್ಲಿ ಅಂಚುಗಳು ಕತ್ತರಿಸಿಹೋಗುತ್ತವೆ. ಮುಖ್ಯವಾದದ್ದೆಲ್ಲ ನಡುವಿಗೆ ಸರಿಯಿತು, ಎಡಕ್ಕೆ ಮುಖ, ಬಲಕ್ಕೆ ಹೆಸರು ಎಂಬ ಹಳೆಯ ಕ್ರಮ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಬೆಂಗಳೂರಿನ ರಚಿತಾ ತನೇಜಾ ಅವರ ‘ಸ್ಯಾನಿಟರಿ ಪ್ಯಾನೆಲ್ಸ್’ 2014ರಲ್ಲಿ ಫೇಸ್‌ಬುಕ್‌ನಲ್ಲೇ ಶುರುವಾದದ್ದು. ಅಂಥ ಕಾಮಿಕ್‌ಗಳಿಗೆ ಸ್ವಂತ ತಾಣದ ನೆತ್ತಿಯ ಪಟ್ಟಿ ಮೊದಲಿಂದಲೂ ಮುಖ್ಯವಾಗಿರಲಿಲ್ಲ.

ಕೊರಿಯಾದ ದಾರಿ ಇನ್ನೂ ಬೇರೆ. ಅಲ್ಲಿನ ಇಂಟರ್ನೆಟ್ ಕಂಪನಿಗಳಾದ ದಾಉಮ್ 2003ರಲ್ಲಿ, ನೇವರ್ 2004ರಲ್ಲಿ ವೆಬ್‌ಟೂನ್ ಎಂಬ ವೆಬ್‌ಕಾಮಿಕ್‌ಗಳನ್ನು ಆರಂಭಿಸಿದವು, 2014ರಲ್ಲಿ ನೇವರ್‌ನ ಸೇವೆ ಇಂಗ್ಲಿಷ್‌ಗೂ ಬಂತು. ಅಲ್ಲಿ ಸಾವಿರಾರು ಕಾಮಿಕ್‌ಗಳು ಒಂದೇ ಆ್ಯಪ್‌ನಲ್ಲಿ ಚಿಕ್ಕ ಚೌಕಗಳಾಗಿ ಜೋಡಿಸಿರುತ್ತವೆ. ಅಡ್ಡಪಟ್ಟಿಯ ಜಾಗಕ್ಕೆ ಚೌಕ ಬಂತು, ಒಂದು ಮುಖ, ಒಂದು ಭಾವ, ಒಂದು ಗಾಢ ಬಣ್ಣ ಅದರ ಸೂತ್ರವಾಯಿತು. ಹೆಸರನ್ನು ಆ್ಯಪ್ ತಾನೇ ತನ್ನ ಫಾಂಟಿನಲ್ಲಿ ಪಕ್ಕದಲ್ಲೋ ಕೆಳಗೋ ಬರೆದುಕೊಳ್ಳುತ್ತದೆ.

ಇದೇ ಅವಧಿಯಲ್ಲಿ ಜಾಹೀರಾತು ಬ್ಯಾನರಿನ ಮೇಲೆ ಬೇಸರವೂ ಬೆಳೆಯಿತು. ಜಾಹೀರಾತು ತಡೆಯುವ ತಂತ್ರಾಂಶಗಳು ಮನೆಮಾತಾದವು. 2012ರಲ್ಲಿ ‘ಪೆನ್ನಿ ಆರ್ಕೇಡ್’ನವರು ತಮ್ಮ ಮುಖಪುಟದ ಲೀಡರ್‌ಬೋರ್ಡ್ ತೆಗೆದುಹಾಕಲು ಓದುಗರಿಂದಲೇ ಕಿಕ್‌ಸ್ಟಾರ್ಟರ್ ಎಂಬ ನಿಧಿಸಂಗ್ರಹ ತಾಣದ ಮೂಲಕ ಹಣ ಕೇಳಿದರು. ಎರಡೂವರೆ ಲಕ್ಷ ಡಾಲರಿನ ಗುರಿಗೆ ಐದು ಲಕ್ಷಕ್ಕೂ ಹೆಚ್ಚು ಬಂತು. ಓದುಗರು ಸಾಮಾಜಿಕ ಜಾಲತಾಣಗಳತ್ತ ಸರಿದಂತೆ ಸ್ವಂತ ತಾಣಗಳ ಜಾಹೀರಾತು ಜಾಗಕ್ಕೆ ಬೆಲೆ ಇಳಿಯಿತು. ‘ಪ್ರಾಜೆಕ್ಟ್ ವಂಡರ್‌ಫುಲ್’ 2018ರ ಆಗಸ್ಟ್ 1ರಂದು ಬಾಗಿಲು ಮುಚ್ಚಿತು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ವೆಬ್‌ಕಾಮಿಕ್ ತಾಣಗಳ ಸಂಗ್ರಹವೊಂದನ್ನು ಸಾರ್ವಜನಿಕರಿಗೆ ತೆರೆಯಿತು. ತಾಣಗಳನ್ನು ಹೀಗೆ ಪುಟ ಪುಟವಾಗಿ ನಕಲು ಮಾಡಿಡುವಾಗ ಶೀರ್ಷಿಕೆ ಬ್ಯಾನರ್ ಪುಟದ ಭಾಗವಾಗಿಯೇ ಉಳಿಯುತ್ತದೆ. ಜಾಹೀರಾತು ಬ್ಯಾನರ್ ಹಾಗಲ್ಲ. ಅದು ಬೇರೊಂದು ಕಂಪನಿಯ ಸರ್ವರಿನಿಂದ ಆ ಕ್ಷಣಕ್ಕೆ ಬಂದು ಕೂರುತ್ತಿದ್ದ ಚಿತ್ರ, ನಕಲಿನಲ್ಲಿ ಅದರ ಜಾಗ ಸಾಮಾನ್ಯವಾಗಿ ಖಾಲಿ. ಕೆಲವು ಕಲಾವಿದರು ‘ನಮ್ಮ ತಾಣಕ್ಕೆ ಕೊಂಡಿ ಕೊಡಿ’ ಎಂಬ ಪುಟದಲ್ಲಿ, ಅಭಿಮಾನಿಗಳು ತೆಗೆದುಕೊಂಡು ಹೋಗಲೆಂದು 88×31ರಿಂದ 468×60ರವರೆಗಿನ ತಮ್ಮ ಬ್ಯಾನರ್‌ಗಳನ್ನು ಸಾಲಾಗಿ ಇಟ್ಟಿರುತ್ತಿದ್ದರು. ಆ ಕಾಲದ ಜಾಹೀರಾತು ಬ್ಯಾನರ್‌ಗಳನ್ನು ಇಂದು ಒಟ್ಟಾಗಿ ನೋಡಬೇಕೆಂದರೆ ಹುಡುಕಬೇಕಾದ ಮೊದಲ ಜಾಗ ಅಂಥ ಪುಟಗಳೇ.